ಸೇದುಬಾವಿ ಕೇರಿಯ ಬಂಗಾರ

ಶಿಕಾರಿಪುರದ ಸೇದುಬಾವಿ ಕೇರಿಯಲ್ಲಿ ಬಾಗಿಲಿಗೆ ಚಿಲಕವಿಲ್ಲದ ಮನೆ ಒಂದೇ ಇತ್ತು, ಅದು ಗುತ್ಯಮ್ಮನದು. ಚಿಲಕ ಮುರಿದುಹೋಗಿತ್ತು ಅಂತಲ್ಲ, ಹಾಕಿಸಿಯೇ ಇರಲಿಲ್ಲ. ಹೊರಗೆ ಹೋಗುವಾಗ ನಾಯಿ ಒಳಗೆ ಬಾರದಿರಲಿ ಅಂತ ಬಾಗಿಲಿಗೆ ಒಂದು ಒನಕೆ ಒರಗಿಸಿ ಹೋಗುತ್ತಿದ್ದಳು. ಕಳ್ಳರ ಭಯ ಇಲ್ಲವೇನೇ ಅಂತ ಯಾರಾದರೂ ಕೇಳಿದರೆ, ಬಂದರೆ ಅವನೇ ಏನಾದರೂ ಇಟ್ಟು ಹೋಗಬೇಕು ಅನ್ನುತ್ತಿದ್ದಳು. ಹೇಳುವಾಗ ನಗುತ್ತಿರಲಿಲ್ಲ. ನಿಜವನ್ನು ಹೇಳುವಾಗ ನಗುವ ಅಭ್ಯಾಸ ಅವಳಿಗಿರಲಿಲ್ಲ.

ಅವಳು ಹುಟ್ಟಿದ್ದು ಸೊರಬದ ಕಡೆಯ ಜಡೆಯಲ್ಲಿ. ತಾಯಿ ಬೇಗ ತೀರಿಕೊಂಡಳು. ಅಕ್ಕ ಶೇಷಮ್ಮನೇ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿ, ತಲೆ ಬಾಚಿ, ಕೊನೆಗೆ ತಾನೇ ಗಂಡು ನೋಡಿ, ಶಿಕಾರಿಪುರದ ಗಾಡಿ ಜಟ್ಟಪ್ಪನಿಗೆ ಕೊಟ್ಟು ಮದುವೆ ಮಾಡಿದಳು. ಜಟ್ಟಪ್ಪ ಒಳ್ಳೆಯವನು. ಎತ್ತಿಗೆ ನೀರು ತೋರಿಸದೆ ತಾನು ನೀರು ಕುಡಿದವನಲ್ಲ. ಒಳ್ಳೆಯವರು ಬೇಗ ಹೋಗುತ್ತಾರೆ ಅಂತಾರಲ್ಲ, ಹಾಗೆ ಒಂದು ಜ್ವರಕ್ಕೆ ಹೋದ. ಮಕ್ಕಳಾಗಿರಲಿಲ್ಲ. ಅಕ್ಕ ಬಂದು ಎದೆ ಬಡಿದುಕೊಂಡು ಅತ್ತಳು. ತಾನು ನೋಡಿದ ಗಂಡು, ತನ್ನ ಕಣ್ಣು ಇಂಗಿಹೋಗಲಿ ಅಂತ ತನ್ನನ್ನೇ ಬೈದುಕೊಂಡಳು. ಅಲ್ಲಿಂದ ಮುಂದೆ ತಂಗಿ ಯಾವಾಗ ಎದುರು ಬಂದರೂ ಅಕ್ಕ ಅವಳ ಹಣೆಯ ಮಟ್ಟಕ್ಕೆ ಕಣ್ಣೆತ್ತುತ್ತಿರಲಿಲ್ಲ. ಕಾಲು ನೋಡಿಕೊಂಡು ಮಾತಾಡುತ್ತಿದ್ದಳು. ಗುತ್ಯಮ್ಮನಿಗೆ ಗಂಡ ಹೋದದ್ದಕ್ಕಿಂತ ಇದು ಹೆಚ್ಚು ನೋಯುತ್ತಿತ್ತು.

ಹೊಟ್ಟೆಪಾಡಿಗೆ ಅವಳು ಮುತ್ತುಗದ ಎಲೆ ತಂದು ಊಟದೆಲೆ ಹಚ್ಚುತ್ತಿದ್ದಳು. ಕೇರಿಯಲ್ಲಿ ನಡೆದ ಯಾವ ಮದುವೆಯ ಊಟವೂ ಅವಳ ಎಲೆ ಇಲ್ಲದೆ ನಡೆದಿರಲಿಲ್ಲ. ಎಲೆ ಕೊಟ್ಟು ಹಿತ್ತಲ ಬಾಗಿಲಿಂದ ಬಂದುಬಿಡುತ್ತಿದ್ದಳು. ಶುಭಕಾರ್ಯಕ್ಕೆ ಮುಂಬಾಗಿಲಲ್ಲಿ ಎದುರಾಗಬಾರದವಳು ಅನ್ನುವುದು ಅವಳಿಗೂ ಗೊತ್ತಿತ್ತು, ಕೇರಿಗೂ ಗೊತ್ತಿತ್ತು. ಈ ವಿಷಯದಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ.

ನಯಾಪೈಸೆ ಚಲಾವಣೆಗೆ ಬಂದ ಮರುವರ್ಷ ಕೇರಿಗೆ ಕಳ್ಳ ಬಂದ. ಅದೂ ಹಾಡುಹಗಲಲ್ಲಿ. ಉಚ್ಚಂಗಪ್ಪನ ಹೆಂಡತಿ ಲೋಕಮ್ಮ ಕೆರೆಯಲ್ಲಿ ಬಟ್ಟೆ ಒಗೆದುಕೊಂಡು, ಒದ್ದೆ ಗಂಟು ತಲೆಯ ಮೇಲಿಟ್ಟುಕೊಂಡು ಸಂದಿಯಲ್ಲಿ ಬರುತ್ತಿದ್ದಳು. ಎರಡು ಕೈಯೂ ಗಂಟಿನ ಮೇಲೆ. ಎದುರಿಂದ ಬಂದವನು ಕೊರಳಿಗೆ ಕೈ ಹಾಕಿ ತಾಳಿಸರ ಕಿತ್ತುಕೊಂಡು ಓಡಿದ. ಲೋಕಮ್ಮ ಗಂಟು ಬಿಡಲಿಲ್ಲ. ಒಗೆದ ಬಟ್ಟೆ ಮಣ್ಣಾಗುತ್ತದಲ್ಲ ಅಂತ ಅನ್ನಿಸಿತಂತೆ. ಆಮೇಲೆ ಇದನ್ನು ಹೇಳಿಕೊಂಡು ಬಹಳ ಅತ್ತಳು.

ಮೊದಲ ದಿನ ಕಳ್ಳ ಕುಳ್ಳಗಿದ್ದ, ತಲೆಗೆ ಟವೆಲು ಸುತ್ತಿದ್ದ. ವಾರ ಕಳೆಯುವುದರಲ್ಲಿ ಅವನು ಆಳೆತ್ತರ ಬೆಳೆದ, ಮೀಸೆ ಬಂತು, ಸೊಂಟಕ್ಕೆ ಚೂರಿ ಬಂತು. ಕೇರಿಗೆ ಹೊಸಬರು ಯಾರು ಬಂದರೂ ಅವರ ಬೆನ್ನ ಹಿಂದೆ ಒಂದೊಂದು ಬಾಗಿಲು ಮುಚ್ಚಿಕೊಳ್ಳತೊಡಗಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯನ್ನು ನಂಬಿ, ಸಂತೆಗೆ ಬಂದ ಒಬ್ಬ ಪಾತ್ರೆ ವ್ಯಾಪಾರಿ ಹೆಗಲು ತುರಿಸಿಕೊಂಡನೆಂದು ಅವನನ್ನು ಹಿಡಿದು ಕೂರಿಸಿದರು. ಅವನಿಗೆ ಬೆವರುಸಾಲೆ ಆಗಿತ್ತು. ಠಾಣೆಯ ದಫೇದಾರರು ಬಂದು ಅವನನ್ನು ಬಿಡಿಸಿ, ಕೇರಿಯವರನ್ನೆಲ್ಲ ಬಾವಿಕಟ್ಟೆಯ ಹತ್ತಿರ ಸೇರಿಸಿ ಬುದ್ಧಿ ಹೇಳಿದರು. ಹೆಂಗಸರು ಬಂಗಾರ ಹಾಕಿಕೊಳ್ಳುವುದರಿಂದಲೇ ಬಂಗಾರ ಕಳುವಾಗುವುದು ಅನ್ನುವುದು ಅವರ ಮಾತಿನ ಸಾರ. ಇಷ್ಟು ಹೇಳಿ, ಕಾಫಿ ಕುಡಿದು ಹೋದರು.

ಆ ಮಾತನ್ನು ಕೇರಿ ಒಪ್ಪಿಕೊಂಡಿತು. ಒಪ್ಪಿಕೊಳ್ಳದೆ ಏನು ಮಾಡೀತು? ಹೆಂಗಸರೆಲ್ಲ ಅರಿಶಿನ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು, ತಾಳಿಸರಗಳನ್ನು ಬಿಚ್ಚಿದರು. ಬಿಚ್ಚಿದ್ದನ್ನು ಎಲ್ಲಿಡುವುದು? ಪೆಟ್ಟಿಗೆಯಲ್ಲಿಟ್ಟರೆ ಕಳ್ಳನಿಗೆ ಪೆಟ್ಟಿಗೆ ಗೊತ್ತು. ಸಾಸಿವೆ ಡಬ್ಬಿಯಲ್ಲಿಟ್ಟರೆ ಗಂಡನಿಗೆ ಸಾಸಿವೆ ಡಬ್ಬಿ ಗೊತ್ತು. ಆಗ ಕೇರಿಗೆ ಹಿರಿಯಳಾದ ವರದಮ್ಮ ಒಂದು ಉಪಾಯ ಹೇಳಿದಳು. ವರದಮ್ಮನ ಗಂಡ ಸುಬ್ಬಪ್ಪನಿಗೆ ಗದ್ದೆ ಇತ್ತು, ಅಕ್ಕಿ ಗಿರಣಿಯಲ್ಲಿ ಪಾಲೂ ಇತ್ತು. ಹಾಗಾಗಿ ವರದಮ್ಮ ಹೇಳಿದ್ದು ಸಾಮಾನ್ಯವಾಗಿ ಉಪಾಯವೇ ಆಗಿರುತ್ತಿತ್ತು.

"ಗುತ್ಯಮ್ಮನ ಮನೇಲಿ ಇಡೋಣ" ಅಂದಳು. "ಅವಳ ಮನೇಲಿ ಏನೂ ಇಲ್ಲ ಅಂತ ಕಳ್ಳನಿಗೂ ಗೊತ್ತು. ಅವಳ ಕುತ್ತಿಗೆ ಕಡೆ ಯಾರು ನೋಡ್ತಾರೆ?"

ಹೆಂಗಸರು ತಲೆದೂಗಿದರು. ಒಂದೇ ತೊಡಕು. ಮುತ್ತೈದೆಯರ ತಾಳಿಯನ್ನು ಗಂಡ ಸತ್ತವಳು ಮುಟ್ಟಬಹುದೆ? ಅದಕ್ಕೂ ದಾರಿ ಸಿಕ್ಕಿತು. ಒಬ್ಬೊಬ್ಬರೂ ತಮ್ಮ ಸರವನ್ನು ತಮ್ಮದೇ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ಕೊಡುವುದು, ವರದಮ್ಮ ತನ್ನ ಕೈಯಾರೆ ಅವನ್ನು ಗುತ್ಯಮ್ಮನ ಅಕ್ಕಿಗಡಿಗೆಯಲ್ಲಿ ಹೂತು ಬರುವುದು, ಗುತ್ಯಮ್ಮ ಮಾತ್ರ ಆ ಗಡಿಗೆಗೆ ಕೈ ಹಾಕದಿರುವುದು. ಅವಳು ಉಣ್ಣಲು ಬೇರೆ ಅಕ್ಕಿ ಕೊಡುವುದಾಗಿ ವರದಮ್ಮನೇ ಒಪ್ಪಿಕೊಂಡಳು. ಎಲ್ಲವನ್ನೂ ಯೋಚಿಸಿದ್ದರು. ಗುತ್ಯಮ್ಮನನ್ನು ಕೇಳುವುದೊಂದು ಮರೆತಿದ್ದರು. ಅವಳು ಕಾಡಿಂದ ಎಲೆಹೊರೆ ಹೊತ್ತು ಬಂದಾಗ ಸುಬ್ಬಪ್ಪ ಅವಳ ಬಾಗಿಲಿಗೆ ಚಿಲಕ ಜಡಿಯುತ್ತಿದ್ದ.

ಕೇರಿಗೆ ನಿದ್ದೆ ಬಂತು. ಗುತ್ಯಮ್ಮನ ನಿದ್ದೆ ಹೋಯಿತು. ಭಯ ಅನ್ನುವುದು ಉಳ್ಳವರ ಸೊತ್ತು ಅಂತ ಅವಳು ಅಲ್ಲಿಯವರೆಗೆ ತಿಳಿದಿದ್ದಳು. ಈಗ ಅವರ ಬಂಗಾರದ ಜತೆ ಅವರ ಭಯವೂ ಅವಳ ಮನೆಗೆ ಬಂದು ಕೂತಿತು. ಹೆಂಚಿನ ಮೇಲೆ ಬೆಕ್ಕು ನಡೆದರೆ ಎದ್ದು ಕೂರುತ್ತಿದ್ದಳು. ಎಲೆ ತರಲು ಕಾಡಿಗೆ ಹೊರಟರೆ ಯಾರಾದರೊಬ್ಬರು ಜಗುಲಿಯಿಂದ ಕೂಗಿ, ಎಲ್ಲಿಗೆ, ಬಾಗಿಲು ಹಾಕಿದ್ದೀಯಾ, ಬೇಗ ಬಾ ಅನ್ನುತ್ತಿದ್ದರು. ಇಷ್ಟು ವರ್ಷ ಅವಳು ಎಲ್ಲಿಗೆ ಹೋದಳು ಅಂತ ಕೇಳದಿದ್ದವರು! ಮೊದಮೊದಲು ಅದು ಅವಳಿಗೆ ಖುಷಿಯಾಗಿತ್ತು ಅನ್ನುವುದನ್ನೂ ಹೇಳಿಬಿಡಬೇಕು. ಆಮೇಲೆ ಕುತ್ತಿಗೆಗೆ ಬಂತು.

ಆ ದಿನಗಳಲ್ಲೇ, ಅಡಕೆ ಗಾಡಿ ಹೊಡೆಯುವ ಕರಿಯಣ್ಣ ಸೊರಬದಿಂದ ಸುದ್ದಿ ತಂದ. ಜಡೆಯ ಅಕ್ಕ ಹಾಸಿಗೆ ಹಿಡಿದಿದ್ದಾಳೆ, ಗುತ್ತಿ ಬಂದಳಾ ಅಂತ ಬಂದುಹೋದವರನ್ನೆಲ್ಲ ಕೇಳುತ್ತಿದ್ದಾಳೆ. ಗುತ್ಯಮ್ಮ ನೇರ ವರದಮ್ಮನ ಮನೆಗೆ ಹೋದಳು. ಜಡೆಗೆ ಹೋಗಿಬರಬೇಕು, ನಿಮ್ಮ ನಿಮ್ಮ ಗಂಟು ತಗೊಳ್ಳಿ ಅಂದಳು. ವರದಮ್ಮ, ಅಯ್ಯೋ ಪಾಪ ಅಂದಳು, ಅಮಾವಾಸ್ಯೆ ಕಳೆಯಲಿ ಅಂದಳು. ಅಮಾವಾಸ್ಯೆ ಕಳೆದ ಮೇಲೆ ಕಳ್ಳ ಸಿಕ್ಕಲಿ ಅಂದಳು. ಗುತ್ಯಮ್ಮ ಮನೆಮನೆಗೂ ಹೋಗಿ ಕೇಳಿದಳು. ಎಲ್ಲರಿಗೂ ಮರುಕವಿತ್ತು, ಆದರೆ ಮೊದಲು ತನ್ನ ಮನೆಗೆ ಬಂಗಾರ ತಂದುಕೊಳ್ಳುವವಳು ತಾನಾಗಲು ಯಾರಿಗೂ ಮನಸ್ಸಿರಲಿಲ್ಲ. ಕಳ್ಳ ಕಾಯುತ್ತಿರುವುದು ಆ ಮೊದಲಿನವಳಿಗೇ ಅಂತ ಎಲ್ಲರಿಗೂ ಖಾತ್ರಿ.

ಎರಡನೇ ಸಲ ಕರಿಯಣ್ಣ ಗಾಡಿ ನಿಲ್ಲಿಸಿ ಕೆಳಗಿಳಿದು ಬಂದು ಹೇಳಿದ. ಮುಖ ನೋಡುವ ಆಸೆ ಇದ್ದರೆ ಇವತ್ತೇ ಹೊರಡು ಅಂದ.

ಗುತ್ಯಮ್ಮ ಬಾಗಿಲು ಹಾಕಿಕೊಂಡು ಗಡಿಗೆಯ ಮುಂದೆ ಕೂತಳು. ಬಿಟ್ಟುಹೋದರೆ, ಕಳುವಾದರೆ, ಕೇರಿ ಅವಳನ್ನು ಜೀವಸಹಿತ ಬಿಡುವುದಿಲ್ಲ. ಗಂಟು ಕಟ್ಟಿಕೊಂಡು ಹೋದರೆ ಬಸ್ಸಿನಲ್ಲಿ ಗಂಟಿಗೇ ಮೊದಲು ಕೈ. ಹೋಗದಿದ್ದರೆ ಅಕ್ಕ ಇಲ್ಲ. ಆಗ ವರದಮ್ಮನ ಮಾತು ನೆನಪಾಯಿತು. ಅವಳ ಕುತ್ತಿಗೆ ಕಡೆ ಯಾರು ನೋಡುತ್ತಾರೆ? ಗುತ್ಯಮ್ಮ ಗಡಿಗೆಗೆ ಕೈ ಹಾಕಿದಳು. ಗಂಟುಗಳನ್ನು ಬಿಚ್ಚಿ, ಸರಗಳನ್ನು ಒಂದೊಂದಾಗಿ ಕೊರಳಿಗೆ ಹಾಕಿಕೊಂಡು, ಮೇಲೆ ಸೆರಗು ಬಿಗಿಯಾಗಿ ಹೊದ್ದಳು. ಇಡೀ ಸೇದುಬಾವಿ ಕೇರಿಯ ಮುತ್ತೈದೆತನ ಒಬ್ಬ ವಿಧವೆಯ ಕೊರಳಲ್ಲಿ ಬಸ್ಸು ಹತ್ತಿತು. ಅವಳಿಗೆ ತಪ್ಪು ಮಾಡುತ್ತಿದ್ದೇನೆ ಅನ್ನಿಸಿತು. ಭಾರ ಹಿತವಾಗಿದೆ ಅಂತಲೂ ಅನ್ನಿಸಿತು.

ಲೆಕ್ಕಾಚಾರ ಸರಿಯಾಗಿಯೇ ಇತ್ತು. ಶಿಕಾರಿಪುರದಿಂದ ಶಿರಾಳಕೊಪ್ಪದವರೆಗೆ ಅವಳ ಕಡೆ ಒಂದು ನರಪಿಳ್ಳೆಯೂ ನೋಡಲಿಲ್ಲ. ಶಿರಾಳಕೊಪ್ಪದಲ್ಲಿ ಉಡುತಡಿಯ ಕಡೆಯ ಹೆಂಗಸೊಬ್ಬಳು ಹತ್ತಿ ಪಕ್ಕದಲ್ಲಿ ಕೂತಳು. ತೊಡೆಯ ಮೇಲೆ ಹೂವಿನ ಪೊಟ್ಟಣ, ಬಾಯ್ತುಂಬ ಎಲೆಅಡಿಕೆ, ಯಾರದೋ ಮನೆಗೆ ಬಾಗಿನ ತೆಗೆದುಕೊಂಡು ಹೊರಟವಳು. ಬಸ್ಸು ಹಳ್ಳಕ್ಕೆ ಇಳಿದು ಎದ್ದಾಗ ಗುತ್ಯಮ್ಮನ ಸೆರಗು ಜಾರಿತು. ಮೇಲಿದ್ದ ವರದಮ್ಮನ ದಪ್ಪ ತಾಳಿಸರ ಹೊರಗೆ ಬಂತು.

ಆ ಹೆಂಗಸು ಸರ ನೋಡಿದಳು, ಹಣೆ ನೋಡಿದಳು. "ಅಯ್ಯ, ಬರೀ ಹಣೇಲಿ ಹೊರಟೀರಲ್ಲ ನಮ್ಮವ್ವ, ಗಂಡಸರಿಗೆ ಒಳ್ಳೇದಲ್ಲ" ಅಂತ ಮೆತ್ತಗೆ ಬೈದು, ತನ್ನ ಭರಣಿ ತೆಗೆದು ಹಣೆಯ ತುಂಬ ಕುಂಕುಮ ಇಟ್ಟಳು. ಪೊಟ್ಟಣ ಬಿಚ್ಚಿ ಒಂದು ಮೊಳ ಮಲ್ಲಿಗೆ ಮುರಿದು ಮುಡಿಸಿದಳು. ಬೇಡ ಅನ್ನಬೇಕಿತ್ತು. ಬೇಡ ಅಂದರೆ ಸರ ಯಾರದು ಅನ್ನುವ ಪ್ರಶ್ನೆ ಏಳುತ್ತಿತ್ತು. ಕೇರಿಯ ಬಂಗಾರದ ಕಾವಲಿಗೆಂದು ಗುತ್ಯಮ್ಮ ಸುಮ್ಮನೆ ಕೂತಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ಧೂಳು ಅಂತ ಹೇಳಿದಳು.

ಸೊರಬದಲ್ಲಿ ಬಸ್ಸು ಬದಲಾಯಿಸುವಾಗ ಅಳಿಸಿಕೊಳ್ಳಬೇಕು ಅಂದುಕೊಂಡಿದ್ದಳು. ಆದರೆ ಆ ಹೆಂಗಸು ಜಡೆಯವರೆಗೂ ಜತೆಗೇ ಬಂದಳು. ಜಡೆಯಲ್ಲಿ ಅಕ್ಕನ ಮಗ ಜಯಪ್ಪ ಬಸ್ಸಿನ ಹತ್ತಿರವೇ ಕಾಯುತ್ತಿದ್ದ. ಚಿಕ್ಕಮ್ಮನ ವೇಷ ನೋಡಿ ಬೆರಗಾದರೂ, ಕೇಳಲು ಹೊತ್ತಿಲ್ಲದವನಂತೆ ಕೈ ಹಿಡಿದು ಕರೆದುಕೊಂಡು ಹೋದ.

ಶೇಷಮ್ಮ ಮಂಚದ ಮೇಲೆ ಒಂದು ಹಿಡಿಯಾಗಿದ್ದಳು. ತಂಗಿಯ ದನಿ ಕೇಳಿ ರೂಢಿಯಂತೆ ಮೊದಲು ಅವಳ ಪಾದ ನೋಡಿದಳು. ಆಮೇಲೆ, ಅದೇನು ಮನಸ್ಸಿಗೆ ಬಂತೋ, ನಿಧಾನಕ್ಕೆ ಕಣ್ಣೆತ್ತಿದಳು. ಕೊರಳು ನೋಡಿದಳು, ಹಣೆ ನೋಡಿದಳು. ನೋಡುತ್ತಲೇ ಇದ್ದಳು.

"ಜಟ್ಟಪ್ಪ ಬರ್ಲಿಲ್ವೇನೆ?" ಅಂದಳು.

ಜಯಪ್ಪ ಮುಖ ತಿರುಗಿಸಿಕೊಂಡ. ಗುತ್ಯಮ್ಮ ಮಂಚದ ಪಕ್ಕ ಕೂತು, "ಬಂದಾರೆ ಅಕ್ಕ. ಎತ್ತಿಗೆ ನೀರು ತೋರಿಸ್ತಾ ಇದಾರೆ" ಅಂದಳು.

ಶೇಷಮ್ಮನ ಮುಖ ಬಿಡಿಸಿಕೊಂಡಿತು. ತಾಳಿಯನ್ನು ಕೈಯಲ್ಲಿ ಹಿಡಿದುಕೊಂಡು, ಬಿಡದೆ ಮಲಗಿದಳು. ಮರುದಿನ ಮಧ್ಯಾಹ್ನ ಹೋದಳು. ಹೆಣ ಎತ್ತುವ ಮೊದಲು ಗುತ್ಯಮ್ಮ ಹಿತ್ತಲಿಗೆ ಹೋಗಿ ಹಣೆ ತೊಳೆದುಕೊಂಡಳು. ಮೊದಲ ಸಲ ನಾಲ್ಕು ಜನ ಹಿಡಿದು ಅಳಿಸಿದ್ದರು. ಈ ಸಲ ತಾನೇ ಅಳಿಸಿಕೊಂಡಳು, ಮತ್ತು ಈ ಸಲವೇ ಜಾಸ್ತಿ ಅತ್ತಳು.

ಇತ್ತ ಕೇರಿಯಲ್ಲಿ ಕೋಲಾಹಲ. ಒನಕೆ ಒರಗಿಸಿದ ಮನೆಗೆ ಮೊದಲೆಲ್ಲ ಯಾರೂ ಇಣುಕುತ್ತಿರಲಿಲ್ಲ. ಈಗ ಚಿಲಕ ಹಾಕಿದ್ದು ಕಂಡು, ತೆಗೆದು ಇಣುಕಿದ್ದರು. ಗಡಿಗೆಯಲ್ಲಿ ಬರೀ ಅಕ್ಕಿ, ನೆಲದ ಮೇಲೆ ಸೀರೆಯ ಚೂರುಗಳು. ಗುತ್ಯಮ್ಮ ಬಸ್ಸಿಳಿದು ಬಂದಾಗ ಬಾವಿಕಟ್ಟೆಯ ಹತ್ತಿರ ದಫೇದಾರರೂ ಇದ್ದರು, ಕಾಫಿಯೂ ಬಂದಿತ್ತು. ಅವಳು ಸೆರಗು ಸರಿಸಿ ಒಂದೊಂದೇ ಸರ ತೆಗೆದು ಕಟ್ಟೆಯ ಮೇಲಿಟ್ಟಳು. ಎಲ್ಲವೂ ಇತ್ತು. ದಫೇದಾರರು ಹಾಗಾದರೆ ದೂರು ಏನು ಅಂತ ಕೇಳಿದರು. ಕಳುವಾಗಿದ್ದರೆ ಎಷ್ಟೋ ವಾಸಿಯಿತ್ತು ಅನ್ನುವ ಹಾಗಿತ್ತು ಹೆಂಗಸರ ಮುಖ. ಮುಟ್ಟಬೇಡ ಅಂದಿದ್ದನ್ನು ಹಾಕಿಕೊಂಡಳು, ಹಾಕಿಕೊಂಡು ಸಾವಿನ ಮನೆಗೂ ಹೋಗಿ ಬಂದಳು. ಗೋಮೂತ್ರದಲ್ಲಿ ತೊಳೆದರೆ ಸಾಕೆ, ಕರಗಿಸಬೇಕೆ ಅನ್ನುವುದರ ಮೇಲೆ ಚರ್ಚೆ ನಡೆದು, ಕರಗಿಸುವುದು ಅಂತ ತೀರ್ಮಾನವಾಯಿತು. ಇನ್ನು ಮೇಲೆ ಮದುವೆಗೆ ಗುತ್ಯಮ್ಮನ ಎಲೆ ಬೇಡ ಅಂತಲೂ ಯಾರೋ ಅಂದರು. ಅವಳು ಕೇಳಿಸಿಕೊಂಡು ಮನೆಗೆ ಹೋದಳು.

ಸಂಜೆ ವರದಮ್ಮ ಬಂದಳು. ಬೈಯಲೆಂದೇ ಬಂದವಳು. ಹೊಸಿಲಾಚೆ ನಿಂತು, ಯಾಕೆ ಹೀಗೆ ಮಾಡಿದೆ ಅಂತ ಕೇಳಿದಳು. ಗುತ್ಯಮ್ಮ ಮುಚ್ಚಿಡದೆ ಎಲ್ಲ ಹೇಳಿದಳು. ಉಡುತಡಿಯ ಹೆಂಗಸು ಕುಂಕುಮ ಇಟ್ಟದ್ದು, ಅಕ್ಕ ಕಣ್ಣೆತ್ತಿದ್ದು, ಜಟ್ಟಪ್ಪನನ್ನು ಕೇಳಿದ್ದು, ತಾಳಿ ಹಿಡಿದುಕೊಂಡು ಮಲಗಿದ್ದು.

ವರದಮ್ಮನ ಕೈ ಕೊರಳಿನ ಅರಿಶಿನ ಕೊಂಬಿಗೆ ಹೋಯಿತು. "ನಿಮ್ಮಕ್ಕ ಹಿಡ್ಕೊಂಡಿದ್ದು ಯಾರ ತಾಳಿ?" ಅಂತ ಕೇಳಿದಳು.

"ನಿಮ್ಮದೇ, ವರದಕ್ಕ. ಹೋಗೋ ತನಕ ಬಿಡಲಿಲ್ಲ."

ಮರುದಿನ ಕೇರಿಯ ಹೆಂಗಸರೆಲ್ಲ ತಾಳಿ ಕರಗಿಸಲು ಅಕ್ಕಸಾಲಿಗನ ಅಂಗಡಿಗೆ ಹೊರಟರು. ವರದಮ್ಮ ಹೊರಡಲಿಲ್ಲ. ಹಳೇ ಸರವನ್ನೇ ಕೊರಳಿಗೆ ಹಾಕಿಕೊಂಡು ಜಗುಲಿಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಯಾಕೆ ಅಂತ ಕೇಳಿದವರಿಗೆ, ಅಕ್ಕನ ಚಿನ್ನವಾದರೂ ಅಕ್ಕಸಾಲಿ ಬಿಡನಂತೆ, ಕರಗಿಸಲು ಕೊಟ್ಟರೆ ಗುಂಜಿ ತೂಕವಾದರೂ ಕದೀತಾನೆ, ಕಾಲ ಕೆಟ್ಟಿದೆ, ಯಾರನ್ನೂ ನಂಬೋ ಹಾಗಿಲ್ಲ ಅಂದಳು.