ಸುಶೀಲತ್ತೆ ಎರಡನೇ ಸಲ ಕೇಳಿದ್ದು

ಬೆಳಿಗ್ಗೆ ಗಂಜಿ ಹಾಕಿದ ಹತ್ತಿ ಸೀರೆಗೆ ಇಸ್ತ್ರಿ ಮಾಡುತ್ತಿದ್ದೆ. ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದಾಗ ಎದ್ದ ವಾಸನೆ ನನ್ನನ್ನು ಸೀದಾ ಮದ್ರಾಸಿನ ಕೋರ್ಟಿಗೆ ಕರೆದೊಯ್ದಿತು. ನಗಬೇಡಿ. ಗಂಜಿಯ ವಾಸನೆಗೆ ನಿಮಗೆ ಅಜ್ಜಿ ನೆನಪಾಗಬಹುದು. ನನಗೆ ನೆನಪಾಗುವುದು ಜಡ್ಜು.

ಅರವತ್ತರ ದಶಕದ ಮೊದಲ ವರ್ಷಗಳು. ತಿರುವಲ್ಲಿಕ್ಕೇಣಿಯ ನಮ್ಮ ಮನೆಗೆ ಅಪ್ಪನ ತಂಗಿ ಸುಶೀಲತ್ತೆ ಐದು ವರ್ಷದ ವಸುವನ್ನು ಕರೆದುಕೊಂಡು ಬಂದುಬಿಟ್ಟಿದ್ದಳು. ಮಾವ ವಿಚ್ಛೇದನ ಕೇಳಿ ಕೋರ್ಟಿಗೆ ಹೋಗಿದ್ದರು. ಕೇಸು ಮುಗಿಯುವವರೆಗೆ ಅವರು ತಿಂಗಳು ತಿಂಗಳು ಇಷ್ಟು ಕೊಡಬೇಕೆಂದು ಜಡ್ಜು ತಾತ್ಕಾಲಿಕ ಜೀವನಾಂಶ ಗೊತ್ತುಮಾಡಿದ್ದರು. ಅದರಲ್ಲಿ ಅಕ್ಕಿ, ಹಾಲು ಆಗುತ್ತಿತ್ತು, ಅಷ್ಟೆ. ಅತ್ತೆಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಾಗ ಫೀಸು ಎಲ್ಲಿಂದ ಎಂದು ಯಾರಿಗೂ ತಿಳಿಯಲಿಲ್ಲ.

ಒಂದು ಭಾನುವಾರ ತನ್ನ ಅಪ್ಪನನ್ನು ನೋಡಿಕೊಂಡು ಬಂದ ವಸು ತಮಿಳಿನಲ್ಲಿ ಜಂಭ ಕೊಚ್ಚಿದಳು: "ಅಪ್ಪಾವುಕ್ಕು ಇಪ್ಪೊ ತನಿ ರೂಮು! ಫ್ಯಾನು ಕೂಡ!" ಮಾವ ಗಿಂಡಿಯ ಕಾರ್ಖಾನೆಯೊಂದರಲ್ಲಿ ನಾಲ್ಕು ಜನರ ನಡುವೆ ಕೂರುವ ಗುಮಾಸ್ತರು. ಆಫೀಸಿನಲ್ಲಿ ಅವರಿಗೇ ಪ್ರತ್ಯೇಕ ಕೋಣೆಯೆಂದರೆ?

"ಬಡ್ತಿ ಆಗಿದೆ," ಎಂದಳು ಅತ್ತೆ, ಹಿಟ್ಟು ಕಲಸುತ್ತಿದ್ದ ಕೈ ಹಾಗೇ ಇಟ್ಟುಕೊಂಡು.

ವಕೀಲರು ಧೈರ್ಯ ಹೇಳಿದರು. "ತಾತ್ಕಾಲಿಕ ಆರ್ಡರ್ ಏನು ಕಲ್ಲಿನಲ್ಲಿ ಕೊರೆದ ಶಾಸನವೇನಮ್ಮ? ಅವರ ಸಂಬಳ ಏರಿದೆ, ನಿಮ್ಮ ಖರ್ಚೂ ಏರಿದೆ. ತೋರಿಸಿ ಕೇಳೋಣ."

ತಾತನಿಗೆ ಒಪ್ಪಿಗೆಯಿಲ್ಲ. "ಪೋದುಮ್ಮಾ, ಸಾಕು. ಒಂದ್ಸಲ ಕೋರ್ಟ್ ಮೆಟ್ಲು ಹತ್ತಿದ್ದು ಸಾಲ್ದಾ? ಮಠದಲ್ಲಿ ನಾಲ್ಕು ಜನ ಕೇಳ್ತಾರೆ."

"ಆ ನಾಲ್ಕು ಜನ ನನ್ನ ಫೀಸ್ ಕಟ್ತಾರಾ ಅಪ್ಪಾ?"

ತಾತ ಪೇಪರಿನ ಹಿಂದೆ ಮರೆಯಾದರು. ಆದರೆ ಕೋರ್ಟಿನ ದಿನ ಬಸ್ಸಿನ ಚಿಲ್ಲರೆ ಅವರೇ ಎಣಿಸಿ ಅವಳ ಕೈಗಿಟ್ಟರು.

ಜೊತೆಗೆ ಹೋದವಳು ನಾನು. ಕಾಲೇಜು ಸೇರಿದ ಹೊಸತು. ಸಾಕ್ಷಿ ಹೇಳಬೇಕಾದೀತೆಂದು ಬಸ್ಸಿನುದ್ದಕ್ಕೂ ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿದೆ. ನನ್ನ ಕಡೆ ಯಾರೂ ಕಣ್ಣೆತ್ತಿಯೂ ನೋಡಲಿಲ್ಲ. ಪಕ್ಕದಲ್ಲಿದ್ದ ಅತ್ತೆಯ ಗರಿಗರಿ ಸೆರಗಿನ ಗಂಜಿ ವಾಸನೆ ಮಾತ್ರ ಮೂಗಿಗೆ ಬಡಿಯುತ್ತಿತ್ತು.

ಮಾವನ ವಕೀಲರು ಎದ್ದು, ತವರಿನಲ್ಲಿ ಉಂಡುಟ್ಟುಕೊಂಡಿರುವ ಹೆಂಗಸಿಗೆ ಟ್ರೈನಿಂಗು ಯಾಕೆ ಎಂದು ಕೇಳಿದರು. ವಯಸ್ಸಾದ ಜಡ್ಜು ಅವರನ್ನು ಕೂರಿಸಿ ಮಾವನ ಕಡೆ ತಿರುಗಿದರು.

"ನಿಮಗೆ ಬಡ್ತಿ ಆಗಿದೆಯಾ?"

ಮಾವ ವಕೀಲರನ್ನು ನೋಡಿದರು, ನೆಲ ನೋಡಿದರು. "ಆಗಿದೆ ಸಾರ್. ನಾಲ್ಕು ತಿಂಗಳಾಯ್ತು."

"ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ ಸಾರ್."

ಕೋರ್ಟೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ಟ್ರೈನಿಂಗು ಎಷ್ಟು ದಿನ ಎಂದು ಜಡ್ಜು ಕೇಳಿದ್ದಕ್ಕೆ, "ಎರಡು ವರ್ಷ ಸಾರ್. ಆಮೇಲೆ ನನಗೆ ಇಷ್ಟು ಬೇಕಾಗಲ್ಲ," ಎಂದಳು. ಜೀವನಾಂಶ ಏರಿತು.

ಅವಳು ಮಾತಿಗೆ ತಪ್ಪಲಿಲ್ಲ. ಅಂಬತ್ತೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಾಗಲೂ ಕೇಸು ಎಳೆಯುತ್ತಲೇ ಇತ್ತು. ವಸುವಿನ ಪಾಲು ಇರಲಿ, ನನ್ನದು ಇಳಿಸಲು ಅರ್ಜಿ ಬರೆಯಿರಿ ಎಂದು ಹೋದಳು. ವಕೀಲರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಇಳಿಸಿ ಅಂತ ಯಾರಾದರೂ ತಾವಾಗಿ ಕೇಳ್ತಾರೇನಮ್ಮ?"

"ಆಗ ಪರಿಸ್ಥಿತಿ ಬದಲಾಯ್ತು ಅಂತ ಕೇಳಿದೆ. ಈಗಲೂ ಬದಲಾಗಿದೆಯಲ್ಲ ಸಾರ್."

ಇದಿಷ್ಟನ್ನೂ ಬರೆದು ಮಧ್ಯಾಹ್ನ ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆ. ಹೆಡ್ ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು. ಎರಡು ಕಡೆ ನನ್ನ ವ್ಯಾಕರಣ ತಿದ್ದಿದಳು. ಆಮೇಲೆ ಹೇಳಿದಳು: "ನಿಮ್ಮ ಮಾವನನ್ನ ಕಳ್ಳ ಅಂತ ಬರೆದಿದೀಯಲ್ಲೇ. ಅವತ್ತು ಅವರು ಬಡ್ತಿ ಇಲ್ಲ ಅಂದಿದ್ರೆ ನಾನೇನು ಮಾಡ್ತಿದ್ದೆ? ನನ್ನ ಹತ್ತಿರ ಇದ್ದದ್ದು ಮಗುವಿನ ಮಾತೊಂದೇ. ಅವರು ಸುಳ್ಳು ಹೇಳಲಿಲ್ಲ. ಅದನ್ನೂ ಬರಿ."

ಇಷ್ಟು ವರ್ಷ ಈ ಕಥೆ ಹೇಳಿದಾಗಲೆಲ್ಲ ಮಾವನ ಹೆಸರಿಗೆ ಮುಖ ಸಿಂಡರಿಸುತ್ತಿದ್ದವಳು ನಾನು. ಕಾಗದ ಎಳೆದುಕೊಂಡು ಅವರನ್ನು ಕಳ್ಳ ಎಂದಿದ್ದ ಎರಡು ಸಾಲು ಹೊಡೆದುಹಾಕಿದೆ.