ಎದೆಕವಚದೊಳಗೆ ಗೌರಿಯ ಲಿಂಗ

ಅವರೆಕಾಳು ಹಿತುಕುತ್ತಾ ಕೂತಿದ್ದೆ. (ಕೈಯೆಲ್ಲ ಲೋಳೆಯಾದಾಗಲೇ ಫೋನ್ ಬರುವುದು, ಗಮನಿಸಿದ್ದೀರಾ?) ಕಿರುಬೆರಳಲ್ಲಿ ಒತ್ತಿ ಸ್ಪೀಕರ್ ಹಾಕಿದೆ.

"ದೊಡ್ಡವ್ವ, ಗೆದ್ಬುಟ್ಟೆ! ಸ್ಟೇಟ್‌ಗೆ ಸೆಲೆಕ್ಟ್ ಆದೆ!"

ಜಿಲ್ಲಾ ಪಂದ್ಯಕ್ಕೆ ಹೋಗಿದ್ದ ಗೌರಿ, ಚಾಮರಾಜನಗರದಿಂದ. ನಮ್ಮ ಪಕ್ಕದ ಮನೆ ನಾಗಮಣಿಯ ಮಗಳು, ಒಂಬತ್ತನೇ ಕ್ಲಾಸು. ಗೆದ್ದದ್ದು ಫೆನ್ಸಿಂಗ್‌ನಲ್ಲಿ. ಅದೇ, ಮುಖಕ್ಕೆ ಜಾಲರಿ ಹಾಕಿಕೊಂಡು ಸಪೂರ ಕತ್ತಿಯಲ್ಲಿ ಆಡುವ ಆಟ. ನಮ್ಮ ಗುಂಡ್ಲುಪೇಟೆಯಲ್ಲಿ ಕತ್ತಿ ಆಟವೇ? ನಾನೂ ಹಾಗೇ ಕೇಳಿದ್ದೆ.

ಅಪ್ಪ ತೀರಿಕೊಂಡ ಮೇಲೆ ಗೌರಿ ಸ್ಕೂಲು ಬಿಟ್ಟು, ಅವ್ವನ ಜೊತೆ ಚೆಂಡುಹೂವು ಕೀಳಲು ಹೋಗುತ್ತಿದ್ದಳು. ಇಂಥ ಮಕ್ಕಳಿಗೇ ಅಂತ ಸಮುದಾಯ ಭವನದಲ್ಲಿ ಒಬ್ಬರು ಮಿಸ್ಸು ಫೆನ್ಸಿಂಗ್ ಶುರು ಮಾಡಿದರು. ಫೀಸಿಲ್ಲ. ಷರತ್ತು ಒಂದೇ: ಬೆಳಿಗ್ಗೆ ಸ್ಕೂಲಿಗೆ ಹೋದವರಿಗೆ ಮಾತ್ರ ಸಂಜೆ ಕತ್ತಿ. ಹೋಮ್‌ವರ್ಕ್ ನೋಡಿ, ಊಟ ಆಯ್ತಾ ಅಂತ ಕೇಳಿ, ಆಮೇಲೆ ಆಟ. ಹುಡುಗಿ ಮತ್ತೆ ಯೂನಿಫಾರ್ಮ್ ಹಾಕಿದಳು.

ಒಂದು ದಿನ ಮಿಸ್ಸು, ಕೊರಳಲ್ಲಿರುವುದನ್ನೆಲ್ಲ ತೆಗೆದಿಟ್ಟು ಬನ್ನಿ ಅಂದರಂತೆ. ಗೌರಿಯ ಕೊರಳಲ್ಲಿರುವುದು ಸರವಲ್ಲ. ಅಜ್ಜಿ ಕೊಟ್ಟ ಬೆಳ್ಳಿ ಕರಡಿಗೆ, ಒಳಗೆ ಇಷ್ಟಲಿಂಗ. ತೆಗೆಯುವುದುಂಟೇ?

ನಾಗಮಣಿ ಓಡಿ ಬಂದಳು. "ಅಕ್ಕ, ತಗೀಬಾರ್ದು. ತಗೀದೆ ಆಡ್ಲಿ ಅಂದ್ರೆ, ಲಿಂಗುಕ್ಕೆ ಕತ್ತಿ ತಾಕ್ಬುಟ್ರೆ ಏನ್ ಗತಿ?"

"ಬ್ಯಾಡ, ಆಟ ಬುಡಿಸ್ಬುಡು" ಅಂದವಳು ನಾನೇ. ದಿನಾ ಪೂಜೆ ಮಾಡುವವಳಲ್ಲವೇ, ಎಲ್ಲ ತಿಳಿದವಳ ಹಾಗೆ ಹೇಳಿಬಿಟ್ಟೆ. ಆಟ ಬಿಟ್ಟರೆ ಸ್ಕೂಲೂ ಬಿಡುತ್ತಾಳೆ ಅಂತ ಹೊಳೆಯಲೇ ಇಲ್ಲ. ಮಾರನೇ ದಿನ ಗೌರಿ ಹೂವಿನ ಹೊಲಕ್ಕೆ ಹೋದಳು.

ಶಿವ ದೊಡ್ಡವನು. ಅವತ್ತು ಸಂಜೆ ಮಿಸ್ಸೇ ಹುಡುಕಿಕೊಂಡು ಬಂದರು. "ನಂಗೆ ಗೊತ್ತಿರ್ಲಿಲ್ಲಮ್ಮ, ತಪ್ಪಾಯ್ತು" ಅಂದರು. ಬ್ಯಾಗಿನಿಂದ ಗಟ್ಟಿ ಪ್ಲಾಸ್ಟಿಕ್ಕಿನ ಎದೆಕವಚ ತೆಗೆದು ನಮ್ಮ ಮುಂದಿಟ್ಟರು. "ಹುಡುಗೀರು ಜಾಕೆಟ್ ಒಳಗೆ ಇದನ್ನ ಹಾಕ್ಲೇಬೇಕು. ಬೇಕಾದ್ರೆ ಬಡಿದು ನೋಡಿ."

ನನ್ನ ಕೈಗೆ ಸಿಕ್ಕಿದ್ದು ಮುದ್ದೆ ಕೋಲು. ಬಾರಿಸಿದೆ ನೋಡಿ! ಒಂದು ಗೀರೂ ಬೀಳಲಿಲ್ಲ. ಗೌರಿ ಬಾಯಿ ಮುಚ್ಚಿಕೊಂಡು ನಕ್ಕಳು. "ದೊಡ್ಡವ್ವ, ನನ್ ಬದ್ಲು ನೀನೇ ಓಗು ಆಟುಕ್ಕೆ."

ಕವಚದೊಳಗೆ ಬೆಳ್ಳಿ ಕರಡಿಗೆ ಮಾತ್ರ ಎದೆಗೆ ಒತ್ತುತ್ತದೆ ಅಂದರು ಮಿಸ್ಸು. ನನ್ನ ಧಾರೆ ಸೀರೆಯ ಸೆರಗಿನಲ್ಲಿ ಒಂದು ತುಂಡು ಕತ್ತರಿಸಿ, ಕರಡಿಗೆಯ ಬದಲು ಲಿಂಗ ಕಟ್ಟಿಕೊಳ್ಳಲು ವಸ್ತ್ರ ಹೊಲಿದೆ. ಲಿಂಗ ಕೊರಳಲ್ಲೇ ಉಳಿಯಿತು, ಮೇಲೆ ಕವಚ ಬಂತು. ಗೌರಿ ಸ್ಕೂಲಿಗೆ ಹೋದಳು. ಇದಕ್ಕಿಂತ ದೊಡ್ಡ ವರ ಯಾವುದನ್ನು ಕೇಳಲಿ?

ಫೋನಿನಲ್ಲಿ ಹುಡುಗಿ ಇನ್ನೂ ಮಾತಾಡುತ್ತಲೇ ಇದ್ದಳು. "ಎದ್ರುಗಿದ್ದೋಳು ಎದೆಗೇ ಚುಚ್ಚುದ್ಲು ಕಣ್ ದೊಡ್ಡವ್ವ. ಲಿಂಗ ಹಂಗೇ ಅದೆ. ಆಮೇಲೆ ನಾ ಬುಟ್ನಾ?"

ಕಣ್ಣು ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಲೋಳೆ.

ಒಲೆ ಮೇಲೆ ಎಸರು ಕುದಿಯುತ್ತಿತ್ತು. ಬೇಡ ಅನ್ನುವ ಮುಂಚೆ ಒಂದು ಸಲ ಬಡಿದು ನೋಡಬೇಕು ಅಂತ ನನಗೆ ಕಲಿಸಿದ ಅದೇ ಕೋಲು ಹಿಡಿದು, ಮುದ್ದೆ ತಿರುವಲು ಎದ್ದೆ.