ಅರ್ಧ ಕೊರೆದ ಚಿಪ್ಪು

ಲಾರಿ ಡ್ರೈವರುಗಳು ನಮ್ಮ ಅತ್ತೆಗೆ ಇಟ್ಟ ಹೆಸರು ತಕ್ಕಡಿ ಅಕ್ಕ. ಅತ್ತೆ ಎಂದರೆ ಅಪ್ಪನ ತಂಗಿ. ಸಿಮೆಂಟ್ ಕಾರ್ಖಾನೆಯ ಗೇಟಿನ ಪಕ್ಕದಲ್ಲಿ, ಲಾರಿಯ ಎತ್ತರಕ್ಕೆ ಕಟ್ಟಿದ ಒಂದು ಪುಟ್ಟ ಕೋಣೆಯಲ್ಲಿ ಕೂತು, ಗಣಿಯಿಂದ ಬರುವ ಸುಣ್ಣಕಲ್ಲಿನ ಲಾರಿಗಳನ್ನು ತೂಗಿ ಚೀಟಿ ಹರಿದು ಕೊಡುವುದು ಅವಳ ಕೆಲಸವಾಗಿತ್ತು. ಲಾರಿ ತಕ್ಕಡಿ ಹತ್ತಿ, ತೂಕ ಒಂದು ಕಡೆ ನಿಲ್ಲುವ ತನಕ ಸ್ವಲ್ಪ ಹೊತ್ತು ಬೇಕು. ಬೇರೆ ಯಾರಾದರೂ ಆಗಿದ್ದರೆ ಆ ಹೊತ್ತಿನಲ್ಲಿ ಆಕಳಿಸುತ್ತಿದ್ದರು. ಇವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಲಾರಿಯಲ್ಲಿದ್ದ ಕಲ್ಲುಗಳನ್ನು ಕಣ್ಣಲ್ಲೇ ಜಾಲಾಡುತ್ತಿದ್ದಳು. ಅಲ್ಲಿಂದ ಲಾರಿ ಸೀದಾ ಹೋಗುತ್ತಿದ್ದದ್ದು ಕ್ರಷರಿನ ಬಾಯಿಗೆ. ಒಳಗೆ ಹೋದದ್ದು ಪುಡಿಯಾಗಿ, ಸುಟ್ಟು, ಸಿಮೆಂಟ್ ಆಗಿಯೇ ಹೊರಗೆ ಬರುತ್ತಿತ್ತು.

ಅಲ್ಲಿ ಇಲ್ಲಿ ಒಂದು ಕಲ್ಲಿನಲ್ಲಿ ಯಾವುದೋ ಕಾಲದ ಸಮುದ್ರದ ಜೀವಿ ಕಲ್ಲಾಗಿ ಕೂತಿರುತ್ತಿತ್ತು. ಪುಸ್ತಕದಲ್ಲಿ ಅದಕ್ಕೆ ಪಳೆಯುಳಿಕೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಬರೀ ‘ಅತ್ತೆ ಕಲ್ಲು’. ಕಂಡ ತಕ್ಷಣ ಅವಳು ಕೈ ತೋರಿಸುತ್ತಿದ್ದಳು, ಕ್ಲೀನರು ಹತ್ತಿ ಎತ್ತಿ ಕೊಡುತ್ತಿದ್ದ. ಡ್ರೈವರುಗಳದ್ದು ಒಂದೇ ತಕರಾರು: “ಅಕ್ಕಾ, ತೂಕ ಆದ್ಮೇಲೆ ತಗೊಳ್ಳಿ. ಮುಂಚೆ ತಗೊಂಡ್ರೆ ನಮಗೆ ಲಾಸು.”

ಮದುವೆ ಮಾತು ಬಂದಾಗಲೆಲ್ಲ, ಕಲ್ಲಿಡೋಕೆ ಜಾಗ ಇರೋ ಮನೆ ಆದ್ರೆ ನೋಡೋಣ ಎಂದು ತೇಲಿಸಿ, ಕೊನೆಗೆ ಅಣ್ಣನ ಮನೆಯಲ್ಲೇ ಉಳಿದಳು. ಅಪ್ಪ ಬಡಗಿ. ಹಿಂದಿನ ಕೋಣೆಯ ಮೂರು ಗೋಡೆಗೂ ಹಲಗೆ ಜಡಿದು ಕಪಾಟು ಮಾಡಿಕೊಟ್ಟಿದ್ದ. ಕಲ್ಲಿನ ಮೇಲಿನ ಮಣ್ಣು ಬಿಡಿಸಲು ತನ್ನದೇ ಒಂದು ಹಳೆಯ ಸಣ್ಣ ಉಳಿಯನ್ನು ಸಾಣೆ ಹಿಡಿದು ಕೊಟ್ಟಿದ್ದ. ಅಮ್ಮ ಮಾತ್ರ ಆ ಕೋಣೆ ಗುಡಿಸುವಾಗಲೆಲ್ಲ ಗೊಣಗುತ್ತಿದ್ದಳು. ಬೇರೆಯವರ ಮನೆಯಲ್ಲಿ ನಾದಿನಿ ಚಿನ್ನ ಕೂಡಿಡುತ್ತಾಳೆ, ನಮ್ಮ ಮನೆಯವಳು ಜಲ್ಲಿ ಕೂಡಿಡುತ್ತಾಳೆ ಎನ್ನುತ್ತಿದ್ದಳು. ಹಾಗೆಂದು ಒಂದು ಕಲ್ಲನ್ನೂ ಜಾಗ ಬದಲಿಸಿದವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಭಾನುವಾರ ಊಟವಾದ ಮೇಲೆ ಅತ್ತೆ ಮೂರೋ ನಾಲ್ಕೋ ಕಲ್ಲು ತಂದು ಅಪ್ಪನ ಮುಂದೆ ಇಡುವಳು. ಹಗ್ಗ ಸುತ್ತಿಟ್ಟ ಹಾಗೆ ಸುರುಳಿಯಾದ ಒಂದು ದೊಡ್ಡ ಶಂಖವಿತ್ತು. ಎರಡು ಕೈಯಲ್ಲಿ ಎತ್ತಬೇಕು. ಅದನ್ನು ಗೇಟಿನಿಂದ ಮನೆಗೆ ಸೈಕಲ್ಲಿನ ಕ್ಯಾರಿಯರಿನ ಮೇಲೆ ಕಟ್ಟಿ ತಂದವನು ಅಪ್ಪನೇ. ಬೆನ್ನ ಮೇಲೆ ಐದೆಸಳಿನ ಹೂವು ಬರೆದಂತಿದ್ದ ಒಂದು ಗುಂಡು ಕಲ್ಲಿತ್ತು. ಅದು ಸಮುದ್ರದ ಮುಳ್ಳುಜೀವಿಯಂತೆ, ಮುಳ್ಳು ಉದುರಿ ಹೂವು ಉಳಿದಿತ್ತು. ಒಂದು ಮೀನಿನ ಹಲ್ಲಿತ್ತು, ಈಗಲೂ ಬೆರಳು ಕೊಯ್ಯುವಷ್ಟು ಚೂಪು. ಚಿಕ್ಕವಳಿದ್ದಾಗ ನಾನು ಕೊಯ್ದುಕೊಂಡು ಅತ್ತು, ಆಮೇಲೆ ಎಷ್ಟೋ ಕಾಲದ ಹಿಂದೆ ಸತ್ತ ಮೀನು ನನ್ನನ್ನು ಕಚ್ಚಿತು ಎಂದು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೆ.

ಆದರೆ ಅವಳ ಜೀವವಿದ್ದದ್ದು ಒಂದು ಚಿಪ್ಪಿನಲ್ಲಿ. ನಿಂಬೆಹಣ್ಣಿನಷ್ಟು ಗಾತ್ರ. ಎರಡೂ ಹೋಳು ಬಿಗಿಯಾಗಿ ಮುಚ್ಚಿಕೊಂಡೇ ಕಲ್ಲಾಗಿತ್ತು. ಅದರ ಮೇಲೆ ಒಂದು ಕಡೆ ಬಟ್ಟಲಿನಂಥ ದುಂಡನೆಯ ಸಣ್ಣ ಗುಳಿ.

“ಚಿಪ್ಪು ಕೊರೆದು ಒಳಗಿನ ಮಾಂಸ ತಿನ್ನೋ ಬಸವನಹುಳು ಇರುತ್ತೆ,” ಎನ್ನುವಳು ಅತ್ತೆ. “ಮೇಲೆ ಕೂತು ಕೊರೀತಾನೇ ಇರುತ್ತೆ. ತೂತು ಬಿದ್ರೆ ಒಳಗಿರೋದರ ಕತೆ ಮುಗೀತು. ಇಲ್ಲಿ ನೋಡು, ಅರ್ಧ ಕೊರೆದು ಬಿಟ್ಟು ಹೋಗಿದೆ. ಇದು ಬದುಕ್ಕೊಂಡಿದೆ.”

“ಯಾಕೆ ಬಿಡ್ತು?” ಎಂದು ಅಪ್ಪ ಕೇಳುವನು.

“ಯಾರಿಗ್ಗೊತ್ತು. ಏನೋ ನೆನಪಾಗಿರಬೇಕು.”

ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಅವಳು ಮತ್ತೆ ಹೇಳಲಿ ಎಂದೇ ಅಪ್ಪ ಮರೆತವನ ಹಾಗೆ ನಟಿಸುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಇವರಿಬ್ಬರಿಗೂ ಬೇರೆ ಮಾತೇ ಇಲ್ಲವೇ ಎಂದು ಎದ್ದು ಹೋಗುತ್ತಿದ್ದೆ.

ಕಾಲ ಸರಿಯಿತು. ಅತ್ತೆ ನಿವೃತ್ತಳಾದಳು. ಹಳೆಯ ಗಣಿ ಮುಗಿದು ನೀರು ತುಂಬಿ ಹೊಂಡವಾಯಿತು. ಕಾರ್ಖಾನೆಗೆ ಈಗ ಬೇರೆ ಕಡೆಯಿಂದ ಕಲ್ಲು ಬರುತ್ತದೆ, ಅದರಲ್ಲಿ ಹುಡುಕಿದರೂ ಒಂದು ಚಿಪ್ಪಿನ ಚೂರು ಇಲ್ಲ. ಅಂದರೆ ಆ ಸಮುದ್ರದ್ದು ಎಂದು ಉಳಿದದ್ದು ನಮ್ಮ ಹಿಂದಿನ ಕೋಣೆಯಲ್ಲಿ ಇದ್ದಷ್ಟೇ. ಇದನ್ನು ಯಾರಿಂದಲೋ ಕೇಳಿದ ಮಕ್ಕಳ ಗ್ರಂಥಾಲಯದವರು ಮನೆಗೆ ಬಂದು, ನಿಮಗೆ ಬಹಳ ಇಷ್ಟವಾದ ಕೆಲವನ್ನು ತಂದು ಮಕ್ಕಳಿಗೆ ತೋರಿಸುತ್ತೀರಾ ಎಂದು ಕೇಳಿದರು. ಅವಳ ಕಲ್ಲನ್ನು ನೋಡಬೇಕೆಂದು ಹೊರಗಿನವರು ಕೇಳಿದ್ದು ಅದೇ ಮೊದಲು. ದಿನ ಗೊತ್ತಾಯಿತು, ತಿಂಗಳ ಕೊನೆಯ ಶುಕ್ರವಾರ. ಅತ್ತೆ ಕನ್ನಡಿಯ ಮುಂದೆ ನಿಂತು ಮಾತು ಅಭ್ಯಾಸ ಮಾಡುವುದನ್ನು ನೋಡಿ ನಾನೂ ಅಮ್ಮನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆವು.

ಅದಾದ ಮೇಲೆ ಅಪ್ಪ ಬಚ್ಚಲಲ್ಲಿ ಬಿದ್ದ. ನಮ್ಮ ಬಚ್ಚಲು ಹಿಂದಿನ ಕೋಣೆಗಿಂತ ಎರಡು ಮೆಟ್ಟಿಲು ಕೆಳಗಿತ್ತು. ಒದ್ದೆ ಕಾಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಇನ್ನು ಬಹಳ ದಿನ ಗಾಲಿಕುರ್ಚಿಯೇ, ಮನೆಯಲ್ಲಿ ಒಂದು ಮೆಟ್ಟಿಲೂ ಇರಬಾರದು ಎಂದರು ಡಾಕ್ಟರು. ಮುಂದಿನ ವಾರ, ಗ್ರಂಥಾಲಯದ ಕಾರ್ಯಕ್ರಮದ ಹಿಂದಿನ ದಿನ, ಗುರುವಾರ ಮನೆಗೆ ಕಳಿಸುವುದಾಗಿಯೂ ಹೇಳಿದರು.

ಬಚ್ಚಲನ್ನು ತುಂಬಿಸಿ ಕೋಣೆಯ ಸಮಕ್ಕೆ ತರಲು ಮರುದಿನವೇ ಮೇಸ್ತ್ರಿ ಬಂದ. ಅದೇ ದಿನ ಬೆಳಿಗ್ಗೆ, ಹಿಂದಿನ ಕೋಣೆಯಲ್ಲಿ ಅಪ್ಪನ ಮಂಚ ಹಾಕಬೇಕೆಂದು, ಅತ್ತೆ ಕಪಾಟೆಲ್ಲ ಖಾಲಿ ಮಾಡಿ ಕಲ್ಲುಗಳನ್ನು ಹಳೆಯ ಸಿಮೆಂಟ್ ಚೀಲಗಳಿಗೆ ತುಂಬಿ ಮಹಡಿ ಮೆಟ್ಟಿಲ ಕೆಳಗೆ ಇಟ್ಟಳು. ಗ್ರಂಥಾಲಯಕ್ಕೆಂದು ಆರಿಸಿದ್ದವು, ಆ ಅರ್ಧ ಕೊರೆದ ಚಿಪ್ಪೂ ಸೇರಿ, ಒಂದು ಸಣ್ಣ ಚೀಲದಲ್ಲಿ, ಎಲ್ಲದರ ಮುಂದೆ. ಯಾರಿಗೂ ಹೇಳಲಿಲ್ಲ. ಕಲ್ಲನ್ನು ಯಾರು ಮುಟ್ಟುತ್ತಾರೆ? ಆಮೇಲೆ ಅಪ್ಪನ ಹತ್ತಿರ ಇರಲು ಆಸ್ಪತ್ರೆಗೆ ಹೋದವಳು ಬುಧವಾರ ಸಂಜೆಯವರೆಗೆ ಮನೆಗೆ ಬರಲಿಲ್ಲ.

ಇತ್ತ ಮೇಸ್ತ್ರಿಗೆ ತುಂಬಲು ಕಲ್ಲು ಸಾಲದಾಯಿತು. ಇನ್ನೊಂದು ಗಾಡಿ ಕಲ್ಲು ಬರಬೇಕಾದರೆ ಎರಡು ದಿನವಾಗುತ್ತದೆ, ಆಮೇಲೆ ಹಾಕಿದರೆ ನೆಲ ಗುರುವಾರಕ್ಕೆ ಒಣಗುವುದಿಲ್ಲ ಎಂದ. ಮೆಟ್ಟಿಲ ಕೆಳಗೆ ಮೊದಲಿಂದಲೂ ಎರಡು ಚೀಲ ಇದ್ದವು. ಅತ್ತೆ ಉಳಿಯಲ್ಲಿ ಕೆತ್ತಿ ಬಿಸಾಡಿದ ಚೂರು ಅವುಗಳಲ್ಲಿತ್ತು. ಅಮ್ಮನ ತಲೆಯಲ್ಲಿದ್ದದ್ದು ಆ ಎರಡು. ಅಡುಗೆಮನೆಯಿಂದಲೇ, ಮೆಟ್ಟಿಲ ಕೆಳಗೆ ಚೀಲದಲ್ಲಿ ಕಲ್ಲಿದೆ, ತಗೊಳ್ಳಪ್ಪ ಎಂದಳು. ಮೇಸ್ತ್ರಿ ಇದ್ದದ್ದನ್ನೆಲ್ಲ ತೆಗೆದುಕೊಂಡ. ನಾನು ಆಗ ಕೆಲಸಕ್ಕೆ ಹೋಗಿದ್ದೆ.

ಬುಧವಾರ ಸಂಜೆ ಅತ್ತೆ ಬಂದಳು. ಒಂದು ರಾತ್ರಿ ಅಪ್ಪನನ್ನು ತಾನು ನೋಡಿಕೊಳ್ಳುವುದಾಗಿ ವಾರ್ಡಿನ ಆಯಾ ಹೇಳಿದ್ದಳಂತೆ. ಚಪ್ಪಲಿ ಬಿಟ್ಟವಳೇ ಸಣ್ಣ ಚೀಲ ತೆಗೆಯಲು ಮೆಟ್ಟಿಲ ಕೆಳಗೆ ಬಗ್ಗಿದಳು. ಅಲ್ಲಿ ಒಂದು ಚೀಲವೂ ಇರಲಿಲ್ಲ. ಅತ್ತಿಗೆ, ಇಲ್ಲಿದ್ದ ಚೀಲ ಎಲ್ಲಿ ಎಂದು ಕೇಳಿದಳು. ಅಮ್ಮ ನಗುತ್ತಲೇ ಹೇಳಲು ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿ ಗೋಡೆ ಹಿಡಿದುಕೊಂಡಳು.

ನಾವು ಮೂವರೂ ಮೇಸ್ತ್ರಿಯ ಮನೆಗೆ ಓಡಿದೆವು. ಅವನು ಊಟದ ತಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದು ಬಂದ. ಪಾಪ, ಸುಳ್ಳು ಹೇಳಲಿಲ್ಲ. ದೊಡ್ಡವನ್ನೆಲ್ಲ ಸುತ್ತಿಗೆಯಲ್ಲಿ ಒಡೆದು ಹಾಕಿದೆ ಎಂದ. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿದಳು. ಸಣ್ಣ ಚೀಲ ಏನಾಯಿತು ಎಂದು ನಾನೇ ಕೇಳಬೇಕಾಯಿತು.

“ಅದನ್ನ ಒಡೀಲಿಲ್ಲ. ಕೊನೇಲಿ ಬಚ್ಚಲ ಬಾಗಿಲ ಹತ್ತಿರ ಸಂದಿಗೆ ಹಾಗೇ ಸುರಿದೆ,” ಎಂದ. “ಮೇಲೆ ನಾಲ್ಕು ಬೆರಳು ಕಾಂಕ್ರೀಟಿದೆ. ಅಗೆದ್ರೆ ಸಿಕ್ಕರೂ ಸಿಗಬಹುದು. ಆದ್ರೆ ಅಷ್ಟಗಲ ಪೂರ್ತಿ ಕಿತ್ತು ಮತ್ತೆ ಹಾಕಬೇಕು. ಒಣಗೋ ತನಕ ಒಂದು ವಾರ ಕುರ್ಚಿ ಒಳಗೆ ಹೋಗಲ್ಲ.”

ಮನೆಗೆ ಬಂದವಳೇ ಅತ್ತೆ ಉಳಿ, ಸುತ್ತಿಗೆ ತಂದು ಬಚ್ಚಲ ಬಾಗಿಲಲ್ಲಿ ಮೊಣಕಾಲೂರಿ ಕೂತಳು. ನೆಲ ಇನ್ನೂ ಬೂದು ಬಣ್ಣಕ್ಕೆ ತಿರುಗಿರಲಿಲ್ಲ, ದಿನಾ ಹಾಕಿದ ನೀರು ಕುಡಿದು ಕಪ್ಪಗಿತ್ತು. ಅವಳು ಹೊಡೆಯತೊಡಗಿದಳು. ಸಿಡಿದ ಚೂರು ಅವಳ ಕೆನ್ನೆಗೆ ಬಡಿದವು. ಕಣ್ಣು ಕೂಡ ಮುಚ್ಚಲಿಲ್ಲ. ಅಷ್ಟು ಸಣ್ಣ ಉಳಿಯಲ್ಲಿ ಕಾಂಕ್ರೀಟ್ ಒಡೆಯುವವರನ್ನು ಕಂಡರೆ ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಅವತ್ತು ನನಗೆ ಭಯವಾಯಿತು.

“ನನ್ನನ್ನ ಬೈದಾದ್ರೂ ಬೈಯೇ,” ಎಂದಳು ಅಮ್ಮ.

ಅತ್ತೆ ಕೈ ನಿಲ್ಲಿಸಲಿಲ್ಲ. “ಬೈದು ಏನ್ ಮಾಡ್ಲಿ ಅತ್ತಿಗೆ. ಅಷ್ಟು ವರ್ಷ ಆ ಕ್ರಷರ್ ಬಾಯಿಂದ ಒಂದೊಂದೇ ಕಿತ್ಕೊಂಡು ಬಂದೆ. ಕೊನೆಗೂ ಸಿಮೆಂಟಿಗೇ ಹೋಯ್ತಲ್ಲ. ನನ್ನ ಕೈಯಾರೆ ಚೀಲಕ್ಕೆ ತುಂಬಿಟ್ಟು ಹೋದೆನಲ್ಲ.”

ನಿನ್ನಣ್ಣ ನಾಳೆ ಬರುತ್ತಾನೆ ಎಂದು ಅಮ್ಮ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳುವ ಮುಖ ನಮಗಿರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಇನ್ನೊಂದು ವಾರ ಇಟ್ಟುಕೊಳ್ಳುತ್ತೀರಾ ಎಂದು ಕೇಳುವುದು, ಅವರು ಒಪ್ಪದಿದ್ದರೆ ಅಪ್ಪನಿಗೆ ಮಂಚದಲ್ಲೇ ಎಲ್ಲ ಮಾಡಿಸುವುದು, ಹೀಗೆ ನಾನು ಮನಸ್ಸಿನಲ್ಲೇ ದಾರಿ ಹುಡುಕುತ್ತಿದ್ದೆ. ನಿಜ ಹೇಳಬೇಕೆಂದರೆ, ಅವಳು ಒಡೆಯಲಿ ಎಂದೇ ನನಗೂ ಅನ್ನಿಸುತ್ತಿತ್ತು. ಒಂದು ಚಿಪ್ಪಾದರೂ ಸಿಗಲಿ, ದೇವರೇ, ಒಂದಾದರೂ.

ಆಗ ನನ್ನ ಫೋನಿಗೆ ಅಪ್ಪ ಕರೆ ಮಾಡಿದ. ಅತ್ತೆಗೆ ಕೊಡು ಎಂದ. ಅವಳ ಕೈತುಂಬ ಧೂಳಿತ್ತು, ನಾನು ಸ್ಪೀಕರ್ ಒತ್ತಿ ಅವಳ ಮುಂದೆ ಹಿಡಿದೆ.

“ಬಚ್ಚಲು ಮುಗೀತೇನೇ?”

ಅತ್ತೆ ಉಸಿರು ಹತೋಟಿಗೆ ತಂದುಕೊಂಡಳು. “ಮುಗೀತಣ್ಣ.”

“ಗಟ್ಟಿಯಾಗಿದೆಯಾ?”

“ಗಟ್ಟಿಯಾಗಿದೆ.”

ಆಮೇಲೆ ಅಪ್ಪ ಧ್ವನಿ ತಗ್ಗಿಸಿ ಹೇಳಿದ. “ಇಲ್ಲಿ ಮಗಳ ವಯಸ್ಸಿನ ಹುಡುಗಿಯರು ಬಂದು ಮಲಗಿದಲ್ಲೇ ಕೆಳಗೆ ಪಾತ್ರೆ ಇಟ್ಟು, ಒರೆಸಿ ಹೋಗ್ತಾರೆ. ಒಳ್ಳೆಯವರೇ. ನಾನು ಗೋಡೆ ನೋಡ್ತಾ ಮಲಗಿರ್ತೀನಿ. ನಾಳೆ ನಮ್ಮ ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಒಬ್ಬನೇ ಕೂತ್ಕೋತೀನಲ್ಲ, ಅದೊಂದೇ ಯೋಚನೆ ಕಣೇ ನಂಗೆ.”

“ಬಾ ಅಣ್ಣ,” ಎಂದಳು ಅತ್ತೆ. ಉಳಿಯನ್ನು ಕೆಳಗಿಟ್ಟಳು. ಫೋನ್ ಕಟ್ಟಾದ ಮೇಲೆ ಆ ನೆಲದ ಮೇಲೆ ಎರಡೂ ಅಂಗೈ ಊರಿ ಬಗ್ಗಿ ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು ಬೆನ್ನು ಮುಟ್ಟಲು ಹೋಗಿ, ಕೈ ಹಿಂದಕ್ಕೆ ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಅತ್ತೆ ಗ್ರಂಥಾಲಯಕ್ಕೆ ಫೋನ್ ಮಾಡಿ, ಬರುವುದಕ್ಕಾಗುವುದಿಲ್ಲ ಎಂದಳು. ಇನ್ನೊಂದು ದಿನ ಇಟ್ಟುಕೊಳ್ಳೋಣವೇ ಎಂದು ಅವರು ಕೇಳಿರಬೇಕು, ಬೇಡ ಎಂದಳು. ಅಪ್ಪನಿಗೆ ಯಾರೂ ಏನೂ ಹೇಳಕೂಡದು ಎಂದು ನಮ್ಮಿಬ್ಬರಿಗೂ ತಾಕೀತು ಮಾಡಿದಳು.

ಅಪ್ಪ ಬಂದ. ಗಾಲಿಕುರ್ಚಿಯಲ್ಲಿ ಹಿಂದಿನ ಕೋಣೆಗೆ ಹೋಗಿ ಖಾಲಿ ಕಪಾಟುಗಳನ್ನು ನೋಡಿದ. ಕಲ್ಲೆಲ್ಲ ಎಲ್ಲಿ ಎಂದು ಕೇಳಿದ್ದಕ್ಕೆ, ಒಳಗೆ ಜೋಪಾನವಾಗಿ ಇಟ್ಟಿದ್ದೀನಿ ಎಂದಳು ಅತ್ತೆ. ಅವನು ಮೊದಲು ಹೋಗುತ್ತೇನೆಂದದ್ದು ಬಚ್ಚಲಿಗೆ. ಯಾರೂ ತಳ್ಳುವುದು ಬೇಡ ಎಂದು ಗಾಲಿಯನ್ನು ತಾನೇ ಹಿಡಿದ. ಬಾಗಿಲ ಬಳಿ ಕುರ್ಚಿ ಸಣ್ಣಗೆ ಜಗ್ಗಿತು. ಅಪ್ಪ ಬಗ್ಗಿ ನೋಡಿದ. ಹೊಸ ನೆಲದಲ್ಲಿ ಒಂದು ದುಂಡನೆಯ ಗುಳಿ, ಅರ್ಧಕ್ಕೆ ನಿಂತದ್ದು. ಅದರ ಅಂಚಿನಲ್ಲೆಲ್ಲ ಸಣ್ಣ ಉಳಿಯ ಗುರುತು. ಆ ಉಳಿಗೆ ಸಾಣೆ ಹಿಡಿದವನು ಅವನು.

ಗುಳಿಯನ್ನು ನೋಡಿದ. ಮಹಡಿ ಮೆಟ್ಟಿಲ ಕೆಳಗಿನ ಖಾಲಿ ಜಾಗವನ್ನು ನೋಡಿದ. ಅಮ್ಮನ ಮುಖ ನೋಡಿದ, ಅವಳು ತಲೆ ತಗ್ಗಿಸಿದಳು. ಆಮೇಲೆ ತಂಗಿಯ ಕಡೆ ತಿರುಗಿದ.

“ಯಾಕೆ ಬಿಟ್ಟೆ?”

ಅತ್ತೆ ಅವನ ಹೆಗಲ ಮೇಲಿನ ಟವೆಲನ್ನು ಸರಿಪಡಿಸಿದಳು. “ಏನೋ ನೆನಪಾಯ್ತು,” ಎಂದಳು.

ಅಪ್ಪ ಗಾಲಿಯನ್ನು ಗುಳಿಯ ಪಕ್ಕದಿಂದ ಮೆಲ್ಲಗೆ ತಿರುಗಿಸಿಕೊಂಡು ಒಳಗೆ ಹೋಗಿ, ಬಾಗಿಲು ಹಾಕಿ ಚಿಲಕ ಹಾಕಿಕೊಂಡ. ಒಳಗೆ ನಲ್ಲಿ ಬಿಟ್ಟ ಸದ್ದು ಬಂತು. ನೀರು ಸುಮ್ಮನೆ ಸುರಿಯುತ್ತಲೇ ಇತ್ತು. ಬಾಗಿಲು ತಟ್ಟಲು ಅಮ್ಮ ಕೈ ಎತ್ತಿದಳು, ಅತ್ತೆ ಅದನ್ನು ಹಿಡಿದು ಕೆಳಗಿಳಿಸಿದಳು.